ಕವಲೇದುರ್ಗ ಕೈಯೊಳಗಿನ ಗೇಮ್ ಆಗಬೇಕೇ?

ಸೋನಿ ಕಂಪನಿಯ ಪಿಎಸ್‌ಪಿ ಎಂಬ ಕೈಯಲ್ಲಿ ಹಿಡಿದು ಆಡುವ ಕನ್ಸೋಲ್‌ಗೆ 2006ರ ಕೊನೆಗೆ ಜಪಾನಿನಲ್ಲಿ, 2007ರಲ್ಲಿ ಅಮೆರಿಕದಲ್ಲಿ ‘ಡಂಜನ್ ಮೇಕರ್’ ಎಂಬ ಗೇಮ್ ಬಂತು. ಇಂಥ ಹೆಚ್ಚಿನ ಗೇಮ್‌ಗಳಲ್ಲಿ ಆಟಗಾರ ಇನ್ಯಾರೋ ತೋಡಿಟ್ಟ ಡಂಜನ್‌ಗೆ, ಅಂದರೆ ನೆಲಮಾಳಿಗೆಗೆ, ನುಗ್ಗುತ್ತಾನೆ. ಇಲ್ಲಿ ತೋಡುವವನೂ ಅವನೇ. ಓಣಿ ಕೊರೆದು, ಕೋಣೆ ಜೋಡಿಸಿ, ರಾಕ್ಷಸರು ತಾವಾಗಿ ಒಳಗೆ ಬರುವಂತೆ ಮಾಡಿ, ಬಂದವರೊಡನೆ ಕಾದಾಡಬೇಕು.

ಕೋಟೆಗಳ ಜಿಲ್ಲೆಯಾದ ಶಿವಮೊಗ್ಗಕ್ಕೆ ಈ ಬಗೆಯ ಆಟ ದೂರದ್ದಲ್ಲ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಕವಲೇದುರ್ಗವಿದೆ, ಹೊಸನಗರ ತಾಲ್ಲೂಕಿನಲ್ಲಿ ಬಿದನೂರು ಎಂದು ಹೆಸರಾಗಿದ್ದ ನಗರವಿದೆ, ಸಾಗರ ತಾಲ್ಲೂಕಿನಲ್ಲಿ ಕೆಳದಿ, ಇಕ್ಕೇರಿಗಳಿವೆ. ಕೆಳದಿ ಅರಸರ ಕೋಟೆಗಳನ್ನು ಆಟಗಾರರೇ ಕಟ್ಟಿ ಕಾಯುವ ಕನ್ನಡ ಗೇಮ್ ಒಂದು ಬರಬೇಕೇ? ಶಿವಮೊಗ್ಗ, ಭದ್ರಾವತಿಯ ಹುಡುಗ ಹುಡುಗಿಯರು ಅದಕ್ಕಾಗಿ ಎದುರುನೋಡಬೇಕೇ? ಎರಡೂ ಕಡೆಯ ವಾದ ಇಲ್ಲಿದೆ.

ಪರ: ಕಟ್ಟಿ ನೋಡಿದವರಿಗೆ ಕೋಟೆ ತಿಳಿಯುತ್ತದೆ

ಕವಲೇದುರ್ಗಕ್ಕೆ ಹೋದ ಬಹಳಷ್ಟು ಜನ ಮೆಟ್ಟಿಲು ಹತ್ತುತ್ತಾರೆ, ಫೋಟೊ ತೆಗೆಯುತ್ತಾರೆ, ಇಳಿಯುತ್ತಾರೆ. ಒಂದರೊಳಗೊಂದು ಮೂರು ಸುತ್ತು ಗೋಡೆ ಏಕೆ, ಬಾಗಿಲ ಮಗ್ಗುಲಲ್ಲಿ ಕಾವಲು ಕೋಣೆ ಏಕೆ, ಅಷ್ಟೆತ್ತರದಲ್ಲಿ ಕೊಳ ಏಕೆ ಎಂಬ ಪ್ರಶ್ನೆಗಳು ಅಲ್ಲಿಯೇ ಉಳಿಯುತ್ತವೆ. ಕಟ್ಟುವ ಗೇಮ್‌ನಲ್ಲಿ ಇವೇ ಆಟದ ಜೀವಾಳ. 16-17ನೇ ಶತಮಾನದ ಕೆಳದಿ ಅರಸ ವೆಂಕಟಪ್ಪ ನಾಯಕನ ಕಾಲದಲ್ಲಿ ಈ ಬೆಟ್ಟದ ಮೇಲೆ ಅರಮನೆ, ಮಠ, ಕಣಜ, ಆಯುಧಶಾಲೆ, ಲಾಯಗಳು ಎದ್ದವು. ಅಷ್ಟನ್ನೂ ಇಳಿಜಾರಿನ ಬಂಡೆಯ ಮೇಲೆ ಕೂರಿಸುವುದು ಹೇಗೆಂದು ಆಟಗಾರ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ. ಕಣಜವನ್ನು ಬಾಗಿಲ ಬಳಿ ಇಟ್ಟರೆ ಮೊದಲ ದಾಳಿಗೇ ಅನ್ನ ಹೋಗುತ್ತದೆ. ಕೊಳ ಮರೆತರೆ ಗೋಡೆ ಎಷ್ಟು ಗಟ್ಟಿಯಿದ್ದರೂ ಬಾಯಾರಿಕೆಯಿಂದಲೇ ಸೋಲು.

ಬಿದನೂರಿನ ಪತನ ಇದಕ್ಕೆ ಇತಿಹಾಸವೇ ಕೊಟ್ಟ ಪಾಠ. 1763ರಲ್ಲಿ ಹೈದರ್ ಅಲಿ ದಂಡೆತ್ತಿ ಬಂದಾಗ, ಕೆಳದಿಯ ರಾಣಿ ವೀರಮ್ಮಾಜಿ ಸೆರೆಯಲ್ಲಿಟ್ಟಿದ್ದ ಹಳೆಯ ಮಂತ್ರಿ ಲಿಂಗಣ್ಣ ಗುಪ್ತ ದಾರಿಯೊಂದನ್ನು ತೋರಿಸಿಕೊಟ್ಟನೆಂದು ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ದಾಖಲಿಸಿದ್ದಾನೆ. ಸುತ್ತಲಿನ ಕಾಡು, ಕಾವಲುಗಟ್ಟೆ, ಕಂದಕ ಎಲ್ಲವೂ ಇದ್ದು ಒಂದು ದಾರಿಯ ಗುಟ್ಟು ಹೊರಬಿದ್ದದ್ದಕ್ಕೆ ರಾಜಧಾನಿ ಕೈತಪ್ಪಿತು. ತಾನು ಕಟ್ಟಿದ ಕೋಟೆ ಹೀಗೆ ಬೀಳುವುದನ್ನು ಕಂಡ ಹುಡುಗಿ ಗೋಡೆಯ ದಪ್ಪದ ಜೊತೆಗೆ ಒಳಗಿನವರ ಅಸಮಾಧಾನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾಳೆ. ಪಠ್ಯಪುಸ್ತಕದ ಒಂದು ಇಸವಿಗೆ ಆ ಶಕ್ತಿ ಇಲ್ಲ.

ಆಟದ ಮೂಲಕ ಯೋಚನೆ ಕಲಿಸುವುದು ಈ ನಾಡಿಗೆ ಹೊಸತೂ ಅಲ್ಲ. ಆಡು-ಹುಲಿ ಆಟದಲ್ಲಿ 3 ಹುಲಿಗಳನ್ನು 15 ಆಡುಗಳು ಕಟ್ಟಿಹಾಕಬೇಕು. ಆಡಿನ ಕಡೆಯವರು ಒಂದೊಂದೇ ಕಾಯಿ ಇಡುತ್ತಾ ಹುಲಿಯ ದಾರಿ ಮುಚ್ಚುತ್ತಾರೆ. ದುರ್ಬಲರು ಬಲಿಷ್ಠರಿಗೆ ಬಲೆ ಹೆಣೆಯುವ ಈ ಆಟ ಡಂಜನ್ ಕಟ್ಟುವ ಗೇಮ್‌ಗೆ ತೀರಾ ಹತ್ತಿರದ ನೆಂಟ. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಮಣೆಯಾಟಗಳನ್ನೇ ರೂಪಿಸಿದರು. ಅವರ ‘ಶ್ರೀತತ್ತ್ವನಿಧಿ’ಯಲ್ಲಿ ಆಟಗಳಿಗೆಂದೇ ಒಂದು ಭಾಗವಿದೆ. ಅರಸನೇ ಆಟ ಕಟ್ಟಿದ ನಾಡಿನಲ್ಲಿ ಆಟವನ್ನು ಕೀಳೆಂದು ನೋಡುವ ಅಗತ್ಯವಿಲ್ಲ.

ಇದು ಆಗುವ ಮಾತೇ ಎಂದು ಕೇಳುವವರಿಗೆ ಪುಣೆಯ ಉದಾಹರಣೆಯಿದೆ. ಅಲ್ಲಿನ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡ ‘ರಾಜಿ’ ಎಂಬ ಗೇಮ್‌ಗೆ 2017ರಲ್ಲಿ ಜನರಿಂದ ಹಣ ಕೂಡಿಸಲು ಹೊರಟಿತು, ಗುರಿ ಮುಟ್ಟಲಿಲ್ಲ. ಆದರೂ ಕೈಬಿಡಲಿಲ್ಲ. 2020ರ ಆಗಸ್ಟ್‌ನಲ್ಲಿ ಆ ಗೇಮ್ ನಿಂಟೆಂಡೊ ಸ್ವಿಚ್ ಎಂಬ ಕೈ ಕನ್ಸೋಲ್‌ನಲ್ಲಿ ಮೊದಲು ಬಿಡುಗಡೆಯಾಯಿತು; ರಾಜಸ್ಥಾನದ ಕೋಟೆ, ಅರಮನೆಗಳ ಚೆಲುವನ್ನು ಹೊರದೇಶದವರೂ ಆಡಿ ನೋಡಿದರು. ಆ ಸರದಿ ಮಲೆನಾಡಿಗೆ ಏಕೆ ಬರಬಾರದು?

ಕರ್ನಾಟಕ ಸರ್ಕಾರ 2012ರಲ್ಲೇ ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆ ನೀತಿ ರೂಪಿಸಿತು, 2024ರಲ್ಲಿ ಹೊಸದನ್ನು ತಂದಿತು. ಶಿವಮೊಗ್ಗ ನಗರದಲ್ಲಿ ಎಂಜಿನಿಯರಿಂಗ್ ಕಾಲೇಜಿದೆ, ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ, ಕೆಳದಿಯಲ್ಲಿ ಹಸ್ತಪ್ರತಿಗಳನ್ನು ಕಾಪಾಡಿಟ್ಟ ವಸ್ತುಸಂಗ್ರಹಾಲಯವಿದೆ. ಕೋಡ್ ಬರೆಯುವವರು, ಇತಿಹಾಸ ಬಲ್ಲವರು, ಮೂಲ ದಾಖಲೆಗಳು ಒಂದೇ ಜಿಲ್ಲೆಯಲ್ಲಿರುವ ಇಂಥ ಅನುಕೂಲ ಎಲ್ಲ ಊರಿಗೂ ಸಿಗುವುದಿಲ್ಲ. ಬುರುಜು, ಕೊತ್ತಲ, ದಿಡ್ಡಿಬಾಗಿಲು ಎಂದು ಪರದೆಯ ಮೇಲೆ ಕನ್ನಡದಲ್ಲೇ ಓದುತ್ತಾ ಆಡುವ ಮಕ್ಕಳು ಮುಂದೆ ಇನ್ನೂ ದೊಡ್ಡದನ್ನು ಕಟ್ಟಿಯಾರು.

ವಿರೋಧ: ಬಾಗಿಲು ತೆರೆದ ಕೋಟೆಗೆ ಅಲ್ಲಿ ಜಾಗವಿಲ್ಲ

ಡಂಜನ್ ಕಟ್ಟುವ ಗೇಮ್‌ನ ಮೂಲ ನಿಯಮವೇ ಬಲೆ. ಒಳಗೆ ಬಂದವರೆಲ್ಲ ಬೇಟೆ. ಕೆಳದಿಯ ಇತಿಹಾಸವನ್ನು ಈ ನಿಯಮದೊಳಗೆ ತುರುಕಿದರೆ ಅದರ ಹಿರಿಮೆಯೇ ಕಳೆದುಹೋಗುತ್ತದೆ.

1689ರಲ್ಲಿ ಸಂಭಾಜಿಯನ್ನು ಔರಂಗಜೇಬ್ ಕೊಲ್ಲಿಸಿದ ಮೇಲೆ ಶಿವಾಜಿಯ ಕಿರಿಯ ಮಗ ರಾಜಾರಾಮ ಜಿಂಜಿಯತ್ತ ತಪ್ಪಿಸಿಕೊಂಡು ಹೊರಟ. ಮೊಗಲ್ ಸೈನ್ಯ ಬೆನ್ನಟ್ಟಿ ಬರುತ್ತದೆಂದು ತಿಳಿದೂ ಕೆಳದಿ ಚೆನ್ನಮ್ಮ ಅವನಿಗೆ ಆಶ್ರಯ ಕೊಟ್ಟು ಮುಂದೆ ಸಾಗಿಸಿದಳು. ಕನ್ನಡಿಗರು ಅವಳನ್ನು ಇಂದಿಗೂ ನೆನೆಯುವುದು ಈ ಧೈರ್ಯಕ್ಕಾಗಿ. ಬಾಗಿಲು ಮುಚ್ಚಿದವರಿಗೆ ಅಂಕ ಕೊಡುವ ಆಟ, ಬಾಗಿಲು ತೆರೆದವಳಿಗೆ ಏನು ಕೊಡುತ್ತದೆ? ಕೆಳದಿ ಅರಸ ಶಿವಪ್ಪ ನಾಯಕನ ಹೆಸರು ಉಳಿದದ್ದೂ ಬರೀ ಯುದ್ಧದಿಂದಲ್ಲ. ಮಣ್ಣಿನ ಗುಣ ನೋಡಿ ಕಂದಾಯ ಗೊತ್ತು ಮಾಡಿದ ‘ಶಿಸ್ತು’ ಪದ್ಧತಿಯಿಂದ. ಅಡಿಕೆ ತೋಟ, ಗದ್ದೆಗಳ ಆ ಲೆಕ್ಕಾಚಾರ ರಾಕ್ಷಸರನ್ನು ಬಡಿಯುವ ಗೇಮ್‌ನಲ್ಲಿ ಹಿನ್ನೆಲೆಯ ಚಿತ್ರವಾಗಿಯೂ ಉಳಿಯಲಾರದು.

ವೀರಮ್ಮಾಜಿಯ ವಿಷಯ ಇನ್ನೂ ಸೂಕ್ಷ್ಮ. ಬಿದನೂರು ಬಿದ್ದ ಮೇಲೆ ಅವಳನ್ನು ಮಧುಗಿರಿಯ ಬೆಟ್ಟದಲ್ಲಿ ಸೆರೆ ಇಟ್ಟರು. ಗೇಮ್‌ನಲ್ಲಿ ಸೋತವರು ಒಂದು ಗುಂಡಿ ಒತ್ತಿ ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ. ಅವಳಿಗೆ ಆ ಅವಕಾಶ ಇರಲಿಲ್ಲ. ಮೇಲಾಗಿ ಗೇಮ್‌ಗೆ ಒಬ್ಬ ಖಳನಾಯಕ ಬೇಕೇ ಬೇಕು. ಹೈದರ್, ಟಿಪ್ಪು ಹೆಸರೆತ್ತಿದರೆ ಸಾಕು, ಜಗಳಕ್ಕೆ ನಿಲ್ಲುವ ಈ ಕಾಲದಲ್ಲಿ, ಕೋಮು ಗಲಭೆಯ ನೋವು ಕಂಡಿರುವ ಶಿವಮೊಗ್ಗದ ಮಕ್ಕಳ ಕೈಗೆ ಅಂಥ ಆಟ ಕೊಡುವ ಮುನ್ನ ನೂರು ಸಲ ಯೋಚಿಸಬೇಕು.

ನಿಜವಾದ ಘಟನೆಯನ್ನು ಅವಸರದಲ್ಲಿ ಗೇಮ್ ಮಾಡಿದರೆ ಏನಾಗುತ್ತದೆಂಬುದನ್ನು ಬೆಂಗಳೂರು ಕಂಡಿದೆ. ಗಾಲ್ವಾನ್ ಕಣಿವೆಯಲ್ಲಿ ಯೋಧರು ಪ್ರಾಣ ಕೊಟ್ಟದ್ದು 2020ರ ಜೂನ್‌ನಲ್ಲಿ. ಆ ಕಣಿವೆಯನ್ನೇ ಹಿನ್ನೆಲೆಯಾಗಿಟ್ಟ ಬೆಂಗಳೂರಿನ ‘ಫೌ-ಜಿ’ ಮೊಬೈಲ್ ಗೇಮ್‌ನ ಘೋಷಣೆಯಾದದ್ದು ಸೆಪ್ಟೆಂಬರ್‌ನಲ್ಲಿ. ಲಕ್ಷಾಂತರ ಜನ ಮೊದಲೇ ಹೆಸರು ನೋಂದಾಯಿಸಿ ಕಾದರು. 2021ರ ಜನವರಿ 26ರಂದು ಅದು ಬಂದಾಗ ಆಡಲು ಸಿಕ್ಕದ್ದು ಸ್ವಲ್ಪವೇ. ಕೆಲವೇ ದಿನಗಳಲ್ಲಿ ಆಟಗಾರರು ಕೊಟ್ಟ ಅಂಕಗಳು ಕುಸಿದವು. ಅಭಿಮಾನದಿಂದ ಕಾದವರೇ ಹೆಚ್ಚು ನಿರಾಶರಾದರು.

ಹಣದ ಪ್ರಶ್ನೆಯಂತೂ ಕಡೆಗಣಿಸುವಂಥದ್ದಲ್ಲ. ಕೈ ಕನ್ಸೋಲ್‌ಗಳ ಬೆಲೆ ಹತ್ತಾರು ಸಾವಿರ ರೂಪಾಯಿ. 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆ ನಿಂತು, ಉಕ್ಕಿನ ಕಾರ್ಖಾನೆ ಸೊರಗಿದ ಭದ್ರಾವತಿಯಲ್ಲಿ ಎಷ್ಟು ಮನೆಗಳು ಅದನ್ನು ಕೊಂಡಾವು? ಕೊನೆಗೆ ಗೇಮ್ ಬರುವುದು ಅಪ್ಪ ಅಮ್ಮನ ಮೊಬೈಲಿಗೇ, ‘ಉಚಿತ’ ಎಂಬ ಹೆಸರಿನಲ್ಲೇ. ಆ ಉಚಿತದ ಬಣ್ಣ ಬಯಲಾದದ್ದು ಇದೇ ಬಗೆಯ ಗೇಮ್‌ನಿಂದ. 1997ರ ಮೆಚ್ಚಿನ ‘ಡಂಜನ್ ಕೀಪರ್’ ಮೊಬೈಲ್ ರೂಪದಲ್ಲಿ ಮರಳಿದಾಗ ಒಂದೊಂದು ಬಂಡೆ ಅಗೆಯಲೂ ಗಂಟೆಗಟ್ಟಲೆ ಕಾಯಬೇಕಿತ್ತು. ಬೇಗ ಆಗಬೇಕೆಂದರೆ ದುಡ್ಡು. ಅದನ್ನು ಉಚಿತವೆಂದು ಹೇಳಿದ ಜಾಹೀರಾತು ದಾರಿತಪ್ಪಿಸುವಂಥದ್ದೆಂದು ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ 2014ರಲ್ಲಿ ತೀರ್ಪಿತ್ತಿತು. ಮೊಬೈಲಿಗೆ ಅಂಟಿಕೊಂಡವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ ‘ಶಟ್’ ಎಂಬ ಚಿಕಿತ್ಸಾಲಯವನ್ನೇ ನಡೆಸುತ್ತಿದೆ. ಅತಿಯಾದ ಗೇಮಿಂಗ್ ಕಾಯಿಲೆಯಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗಗಳ ಪಟ್ಟಿಗೆ ಸೇರಿಸಿತು.

ಕೋಟೆ ಕಟ್ಟುವ ಬುದ್ಧಿಯನ್ನು ಮಕ್ಕಳಿಗೆ ಕಲಿಸಲು ಬೇರೆ ದಾರಿಯಿದೆ. ಶಿವಮೊಗ್ಗ, ಭದ್ರಾವತಿಯ ಶಾಲೆಗಳು ಮಕ್ಕಳನ್ನು ಅಳತೆಪಟ್ಟಿ, ಗ್ರಾಫ್ ಹಾಳೆಯೊಂದಿಗೆ ಕವಲೇದುರ್ಗಕ್ಕೂ ನಗರಕ್ಕೂ ಕರೆದೊಯ್ಯಲಿ. ಬಾಗಿಲು ಎಷ್ಟು ಅಗಲ, ಕೊಳಕ್ಕೆ ನೀರು ಎಲ್ಲಿಂದ ಬರುತ್ತದೆ, ನಗರದ ಬಳಿಯ ದೇವಗಂಗೆಯ ಕೊಳಗಳ ನೀರಿನ ಏರ್ಪಾಡು ಹೇಗಿದೆ ಎಂದು ಅವರೇ ನಕ್ಷೆ ಬರೆಯಲಿ. ಗೇಮ್‌ಗೆ ಸುರಿಯಬಹುದಾದ ಹಣದಲ್ಲಿ ಒಂದು ಪಾಲು ಬಿರುಕುಬಿಟ್ಟ ಗೋಡೆಗಳ ನಡುವೆ ಬೆಳೆದ ಗಿಡಗಳನ್ನು ತೆಗೆಸಲು, ದಾರಿ ತೋರುವ ಸ್ಥಳೀಯ ಯುವಕರಿಗೆ ತರಬೇತಿ ಕೊಡಲು ಹೋಗಲಿ.