ಜೇನಿನ ಪಾಲು

ಕಾಗಿಣಾ ತೀರದ ಚಿತ್ತಾಪುರ ಸೀಮೆಯಲ್ಲಿ ತೊಗರಿಯ ಹೂವು ಮುಗಿದು ಬೇವು, ಹೊಂಗೆಗಳು ಅರಳುವ ವಸಂತವೇ ಜೇನುಸಾಕಣೆಗಾರನ ಪರೀಕ್ಷಾಕಾಲ. ಪೆಟ್ಟಿಗೆಯ ತುಡುವೆ ಜೇನು ಪಾಲಾಗಿ ಹಾರಿದೊಡನೆ ನೊಣಗಳನ್ನು ದೂರುವುದು ನ್ಯಾಯವಲ್ಲ. ಸಂತತಿ ಹೆಚ್ಚಿ ತಾವು ಸಾಲದಾದಾಗ ಹಳೆಯ ರಾಣಿಯು ಅರ್ಧದಷ್ಟು ಬಳಗದೊಡನೆ ಹೊರಡುವುದು ಜೇನಿನ ಕುಲಧರ್ಮ.

ಎರಿಯ ಕೆಳಅಂಚಿನಲ್ಲಿ ಮೂಡುವ ರಾಣಿಕೋಶಗಳೇ ಅದರ ಮುನ್ಸೂಚನೆ. ಹೊಸ ರಾಣಿ ಹೊರಬರಲು ಸುಮಾರು 16 ದಿನಗಳು ಬೇಕು. ಆದರೆ ಕೋಶದ ಬಾಯಿ ಮುಚ್ಚುವ 8ನೆಯ ದಿನದ ಸುಮಾರಿಗೇ ಹಳೆಯ ರಾಣಿ ಹೊರಡಬಲ್ಲಳು. ಆದುದರಿಂದ ವಾರಕ್ಕೊಮ್ಮೆ ಪೆಟ್ಟಿಗೆಯನ್ನು ತೆರೆದು ನೋಡುವುದು ಅವಶ್ಯ. ಕೋಶಗಳನ್ನು ಚಿವುಟಿದ ಮಾತ್ರಕ್ಕೆ ಹಾರುವ ಹಂಬಲ ಅಡಗದು. ಹೊಸ ಚೌಕಟ್ಟುಗಳನ್ನೂ ಮೇಲೊಂದು ಜೇನುಕೋಣೆಯನ್ನೂ ಮುಂಚಿತವಾಗಿ ಒದಗಿಸಬೇಕು. ಅದೂ ಸಾಲದಿದ್ದರೆ ಕುಟುಂಬವನ್ನು ತಾನೇ ಎರಡಾಗಿ ಹಂಚಬೇಕು. ಹೊತ್ತರಿತು ಹಂಚಿದವನಿಗೆ ಎರಡು ಕುಟುಂಬಗಳು ದಕ್ಕುವುವು. ಹೊತ್ತು ಮೀರಿದವನಿಗೆ ಅರ್ಧವೇ ಉಳಿಯುವುದು.