ಹೊಳೆ ಹರಿಯದ ಊರಿನ ದೋಣಿ

ನಂದಿಬೆಟ್ಟದ ಸುತ್ತಮುತ್ತ ಹುಟ್ಟುವ ನದಿಗಳು ಹಲವು. ಆದರೆ ದೋಣಿ ಬಿಡುವಷ್ಟು ನೀರಿಗೆ ಮಾತ್ರ ಬರ. ಗೌರಿಬಿದನೂರಿನ ಉತ್ತರ ಪಿನಾಕಿನಿಯೂ ವರ್ಷದ ಬಹುಪಾಲು ಒಣಗಿಯೇ ಇರುತ್ತದೆ. ಹೀಗಾಗಿ ಚಿಕ್ಕಬಳ್ಳಾಪುರ ಸೀಮೆಯ ಮಕ್ಕಳಿಗೆ ದೋಣಿಯೆಂದರೆ ಮಳೆನೀರಲ್ಲಿ ಬಿಡುವ ಕಾಗದದ ಮಡಿಕೆ. ರಜೆಯಲ್ಲಿ ಮರದ್ದನ್ನೇ ಮಾಡಿ ನೋಡಬಹುದು.

ಚಿಂತಾಮಣಿ ಮಾವಿನ ಸೀಮೆ. ಹಳೆಯ ಪೆಟ್ಟಿಗೆಯ ಮಾವಿನ ಹಲಗೆ ಸಾಕು. ಕರಾವಳಿಯಲ್ಲಿ ಮಾವಿನ ದಿಮ್ಮಿಯನ್ನೇ ಕೊರೆದು ದೋಣಿ ಮಾಡುತ್ತಿದ್ದರು. ಒಂದು ಸೆಂ.ಮೀ. ದಪ್ಪದ ಹಲಗೆಯಲ್ಲಿ ತಳಕ್ಕೆ 30×12, ಪಕ್ಕಗಳಿಗೆ 30×5ರ ಎರಡು, ತುದಿಗಳಿಗೆ 10×5ರ ಎರಡು ತುಂಡು ಬೇಕು. ಕೊಯ್ದುಕೊಡಲು ಬಡಗಿಗೆ ಹೇಳುವುದೇ ಲೇಸು. ಮರಗೆಲಸದ ಸಾಮಾನ್ಯ ಬಿಳಿ ಅಂಟು ನೀರಲ್ಲಿ ಬಿಟ್ಟುಹೋಗುತ್ತದೆ. ಎಣ್ಣೆ ಬಣ್ಣದಲ್ಲಿ ಅದ್ದಿದ ಹತ್ತಿದಾರವನ್ನು ಸಂದಿಯಲ್ಲಿಟ್ಟು ಮೊಳೆ ಹೊಡೆದು, ಒಳಗೂ ಹೊರಗೂ ಬಣ್ಣ ಬಳಿದು, ಚೆನ್ನಾಗಿ ಒಣಗಿಸಬೇಕು. ಅವಸರ ಮಾಡಿದವರ ದೋಣಿ ಸೋರುತ್ತದೆ.

ಇದೇ ಹಲಗೆಗಳನ್ನು ಒಂದರ ಮೇಲೊಂದು ಕಟ್ಟಿ ನೀರಿಗೆ ಬಿಟ್ಟರೆ ಕಾಲು ಕಿಲೋ ಭಾರಕ್ಕೇ ಹೆಚ್ಚುಕಡಿಮೆ ಮುಳುಗುತ್ತವೆ. ದೋಣಿಯಾದಾಗ ಒಂದು ಕಿಲೋ ಹೊತ್ತರೂ ಅಂಚು ನೀರಿನ ಮೇಲಿರುತ್ತದೆ. ಮರ ಅದೇ, ಒಳಗಿನ ಗಾಳಿಯ ಜಾಗದಿಂದಾಗಿ ಅದು ಪಕ್ಕಕ್ಕೆ ತಳ್ಳುವ ನೀರು ಹೆಚ್ಚಿತು, ಅಷ್ಟೆ. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚಾಣಿಕೆ ನೋಡಿದ ಮಕ್ಕಳಿಗೆ ಇದು ಹೊಸದಲ್ಲ. ಗಾಳಿ ತುಂಬಿದ ರೇಷ್ಮೆಗೂಡು ತೇಲುತ್ತದೆ, ಒಳಗೆ ನೀರು ಹೊಕ್ಕಂತೆಲ್ಲ ಕೆಳಗಿಳಿಯುತ್ತದೆ.

ಪರೀಕ್ಷೆ ಮನೆಯ ನೀರಿನ ತೊಟ್ಟಿಯಲ್ಲೇ ಆಗಲಿ, ದೊಡ್ಡವರೊಬ್ಬರು ಜೊತೆಗಿರಲಿ. ಕೆರೆಗೆ ಒಯ್ಯುವುದು ಬೇಡವೇ ಬೇಡ. ಮಣ್ಣು ತೆಗೆದ ಕೆರೆಯಲ್ಲಿ ಮೊಣಕಾಲುದ್ದ ನೀರಿನ ಪಕ್ಕದಲ್ಲೇ ಆಳುದ್ದದ ಗುಂಡಿ ಇರುತ್ತದೆ, ಮೇಲಿನಿಂದ ಕಾಣುವುದಿಲ್ಲ. ದೋಣಿ ತೇಲಿ ದೂರ ಹೋಯಿತೆಂದು ಮಗು ಹಿಂದೆಯೇ ಇಳಿದರೆ ಗತಿಯೇನು?

ಮೊದಲು ಅರ್ಧ ಕಿಲೋ ರಾಗಿಯನ್ನು ಬಿಡಿಯಾಗಿ ಸುರಿದು ದೋಣಿಯನ್ನು ಕೊಂಚ ವಾಲಿಸಬೇಕು. ಕಾಳು ತಗ್ಗಿದ ಕಡೆಗೆ ಸರಿದು, ದೋಣಿ ಇನ್ನೂ ವಾಲುತ್ತದೆ. ಅದೇ ರಾಗಿಯನ್ನು ಬಟ್ಟೆಯಲ್ಲಿ ಬಿಗಿಯಾಗಿ ಗಂಟುಕಟ್ಟಿ ನಡುವೆ ಇಟ್ಟರೆ ವಾಲಿದ ದೋಣಿ ಮತ್ತೆ ನೆಟ್ಟಗಾಗುತ್ತದೆ. ಭಾರ ಹೆಚ್ಚಿಸುತ್ತ, ನೀರು ಮುಟ್ಟಿದ ಮಟ್ಟಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆಯಬಹುದು. ಅತಿಭಾರ ಹೇರಿದ ಹಡಗುಗಳು ಮುಳುಗಿ ನಾವಿಕರು ಸಾಯುತ್ತಿದ್ದುದನ್ನು ಸಹಿಸದೆ ಸ್ಯಾಮ್ಯುಯೆಲ್ ಪ್ಲಿಮ್‌ಸಾಲ್ ಬ್ರಿಟನ್ನಿನ ಸಂಸತ್ತಿನಲ್ಲಿ ಹೋರಾಡಿದ. 1876ರ ಕಾನೂನು ಹಡಗಿನ ಮೈಮೇಲೆ ಇಂಥ ಗೆರೆಯನ್ನು ಕಡ್ಡಾಯ ಮಾಡಿತು.