ಬರಕ್ಕೂ ನೆರೆಗೂ ಉತ್ತರ ಗ್ರಾಮಸಭೆಯಲ್ಲಿದೆ



2018ರಲ್ಲಿ ಮಳೆ ಕೈಕೊಟ್ಟು ಕರ್ನಾಟಕದ ನೂರಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಮರುವರ್ಷದ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ, ಗದಗ ಜಿಲ್ಲೆಗಳ ನದಿದಂಡೆಯ ಹಳ್ಳಿಗಳು ಜಲಾವೃತವಾದವು. ಬೇಸಿಗೆಯಲ್ಲಿ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತಿದ್ದ ಸೀಮೆಯ ಜನರೇ ಶ್ರಾವಣದಲ್ಲಿ ಪರಿಹಾರ ಕೇಂದ್ರಗಳನ್ನು ಸೇರಿದರು. ಮತ್ತೆ 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. ಹವಾಮಾನ ಬದಲಾವಣೆಯೆಂದರೆ ದೂರದೇಶಗಳ ಸಮ್ಮೇಳನಗಳಲ್ಲಿ ಚರ್ಚೆಯಾಗುವ ವಿಷಯವೆಂದು ಭಾವಿಸುವ ಕಾಲ ಮುಗಿದಿದೆ. ಅದು ನಮ್ಮ ಹೊಲದ ಬದುವಿಗೂ ಮನೆಯ ಹೊಸ್ತಿಲಿಗೂ ಬಂದು ನಿಂತಿದೆ.

ಇಂತಹ ಆಪತ್ತು ಬಂದಾಗ ನಾವು ರಾಜಧಾನಿಗಳತ್ತ ನೋಡುತ್ತೇವೆ. ಅಲ್ಲಿಂದ ಬರುವ ನೆರವು ಎಷ್ಟು ತಡವಾಗಿ ಬರುತ್ತದೆಂಬುದಕ್ಕೆ 2023ರ ಬರವೇ ಸಾಕ್ಷಿ. ರಾಜ್ಯವು ಕೇಂದ್ರದಿಂದ 18,171 ಕೋಟಿ ರೂಪಾಯಿಗಳ ನೆರವನ್ನು ಕೋರಿತು. ತಿಂಗಳುಗಳು ಕಳೆದರೂ ಹಣ ಬಾರದಿದ್ದಾಗ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2024ರ ಏಪ್ರಿಲ್ ಕೊನೆಯಲ್ಲಿ ಬಿಡುಗಡೆಯಾದದ್ದು ಸುಮಾರು 3,454 ಕೋಟಿ. ಯಾವ ಸರ್ಕಾರದ ಪಾಲು ಎಷ್ಟಿರಬೇಕಿತ್ತೆಂಬ ವಾದ ಇಲ್ಲಿ ನಮ್ಮ ವಿಷಯವಲ್ಲ. ಮುಂಗಾರಿನಲ್ಲಿ ಒಣಗಿದ ಬೆಳೆಗೆ ಮುಂದಿನ ಬೇಸಿಗೆಯಲ್ಲಿ ಪರಿಹಾರ ಬಂದರೆ ಆ ನಡುವಿನ ಕಾಲವನ್ನು ಊರು ಹೇಗೆ ಕಳೆಯಬೇಕು ಎಂಬುದು ನಮ್ಮ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕಾದ ಸಂಸ್ಥೆ ನಮ್ಮ ಊರಿನಲ್ಲೇ ಇದೆ. ಅದು ಗ್ರಾಮ ಪಂಚಾಯಿತಿ.

ಅಧಿಕಾರ ಕೈಯಲ್ಲಿದೆ

ಅಧಿಕಾರ ವಿಕೇಂದ್ರೀಕರಣದಲ್ಲಿ ಕರ್ನಾಟಕವು ದೇಶಕ್ಕೇ ಮಾದರಿಯಾದ ನಾಡು. 1983ರ ಪಂಚಾಯತ್ ಕಾಯ್ದೆಯ ಹಿಂದಿನ ಶಕ್ತಿಯಾಗಿದ್ದ ಸಚಿವ ಅಬ್ದುಲ್ ನಜೀರ್ ಸಾಬರನ್ನು ಜನರು ಪ್ರೀತಿಯಿಂದ ‘ನೀರ್ ಸಾಬ್’ ಎಂದು ಕರೆದರು. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ಕುಡಿಯುವ ನೀರು ಕೊಟ್ಟವರೂ, ಹಳ್ಳಿಯ ಕೈಗೆ ಅಧಿಕಾರ ಕೊಟ್ಟವರೂ ಒಬ್ಬರೇ ಎಂಬುದು ಇಂದು ಯೋಚಿಸತಕ್ಕ ಸಂಗತಿ. ಅವರು ಕೊಟ್ಟ ಎರಡರಲ್ಲಿ ಕೊಳವೆಬಾವಿಯನ್ನು ನಾವು ಮಿತಿಮೀರಿ ಬಳಸಿದೆವು. ಅಧಿಕಾರವನ್ನು ಬಳಸುವುದನ್ನೇ ಮರೆತೆವು.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿಯು ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯತ್‌ಗಳಿಗೆ 29 ವಿಷಯಗಳನ್ನು ಗೊತ್ತುಪಡಿಸಿತು. ಅಲ್ಲಿ ‘ಹವಾಮಾನ ಬದಲಾವಣೆ’ ಎಂಬ ಪದವಿಲ್ಲ. ಆದರೆ ಮಣ್ಣಿನ ಸಂರಕ್ಷಣೆ, ಸಣ್ಣ ನೀರಾವರಿ ಮತ್ತು ಜಲಾನಯನ ಅಭಿವೃದ್ಧಿ, ಸಾಮಾಜಿಕ ಅರಣ್ಯ, ಕುಡಿಯುವ ನೀರು, ಮೇವು, ಅಸಾಂಪ್ರದಾಯಿಕ ಇಂಧನ ಇವೆಲ್ಲ ಇವೆ. ಮಳೆ ಹೆಚ್ಚಾದರೂ ಕಡಿಮೆಯಾದರೂ ಊರು ತಾಳಿಕೊಳ್ಳಲು ಬೇಕಾದ ಕೆಲಸಗಳೆಲ್ಲ ಈ ಪಟ್ಟಿಯೊಳಗೇ ಬರುತ್ತವೆ.

ಹಣವೂ ಸಂಪೂರ್ಣ ಇಲ್ಲವೆನ್ನುವಂತಿಲ್ಲ. ಹದಿನೈದನೇ ಹಣಕಾಸು ಆಯೋಗವು ಗ್ರಾಮೀಣ ಸ್ಥಳೀಯ ಸಂಸ್ಥೆಗಳ ಅನುದಾನದಲ್ಲಿ ಶೇ. 60ರಷ್ಟನ್ನು ಕುಡಿಯುವ ನೀರು, ಮಳೆನೀರು ಸಂಗ್ರಹ ಮತ್ತು ನೈರ್ಮಲ್ಯಕ್ಕೆಂದೇ ಮೀಸಲಿಟ್ಟಿತು. 2005ರ ಉದ್ಯೋಗ ಖಾತರಿ ಕಾಯ್ದೆಯಡಿ ಎರಡು ದಶಕಗಳ ಕಾಲ ನಮ್ಮ ಪಂಚಾಯಿತಿಗಳಲ್ಲಿ ಕೆರೆ ಹೂಳೆತ್ತುವುದು, ಬದು, ಕೃಷಿಹೊಂಡ, ಗೋಕಟ್ಟೆ, ಚೆಕ್ ಡ್ಯಾಂ ಮುಂತಾದ ಅಸಂಖ್ಯ ಕಾಮಗಾರಿಗಳು ನಡೆದಿವೆ. ಹಾಗಿದ್ದೂ ಒಂದು ಮಳೆಗಾಲ ತಪ್ಪಿದರೆ ಊರು ಟ್ಯಾಂಕರಿಗೆ ಕಾಯುತ್ತದೆ. ಏಕೆ?

ಕಾಮಗಾರಿಯುಂಟು, ಲೆಕ್ಕವಿಲ್ಲ

ಪ್ರತಿವರ್ಷ ಪ್ರತಿ ಪಂಚಾಯಿತಿಯೂ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸಬೇಕು. ವಾರ್ಡ್‌ಸಭೆಯಲ್ಲಿ ಬೇಡಿಕೆ, ಗ್ರಾಮಸಭೆಯಲ್ಲಿ ಅನುಮೋದನೆ, ಬಳಿಕ ಕ್ರಿಯಾಯೋಜನೆ ಎಂಬುದು ಕ್ರಮ. ನಡೆಯುವ ರೀತಿ ಓದುಗರಿಗೆ ತಿಳಿಯದ್ದೇನಲ್ಲ. ಒಬ್ಬ ಸದಸ್ಯರ ಬೀದಿಗೆ ಕಾಂಕ್ರೀಟ್ ರಸ್ತೆ, ಇನ್ನೊಬ್ಬರ ಬೀದಿಗೆ ಚರಂಡಿ, ಮತ್ತೊಬ್ಬರ ಹೊಲದ ಬಳಿ ಚೆಕ್ ಡ್ಯಾಂ ಎಂದು ಹಂಚಿಕೆಯಾಗಿ ಯೋಜನೆ ಮುಗಿಯುತ್ತದೆ. ಹಾಕಿದ ಕಾಂಕ್ರೀಟು ಮಳೆನೀರನ್ನು ನೆಲಕ್ಕಿಳಿಯಗೊಡದೆ ಹಳ್ಳಕ್ಕೆ ಸಾಗಿಸುತ್ತದೆ. ಕಟ್ಟಿದ ಚೆಕ್ ಡ್ಯಾಂ ಮೇಲಿನ ಹೂಳು ತುಂಬಿ ನಿಲ್ಲುತ್ತದೆ. ಊರಿಗೆ ಎಷ್ಟು ಮಳೆ ಬಿತ್ತು, ಅದರಲ್ಲಿ ಎಷ್ಟು ನಿಂತಿತು, ಎಷ್ಟನ್ನು ನಾವು ಎತ್ತಿದೆವು ಎಂಬ ಲೆಕ್ಕವನ್ನು ಯಾರೂ ಕೇಳುವುದಿಲ್ಲ.

ಲೆಕ್ಕಕ್ಕೆ ಬೇಕಾದ ಅಂಕಿಗಳು ಇಲ್ಲವೆಂದಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಿದೆ. ಇಂತಹ ವ್ಯವಸ್ಥೆ ದೇಶದಲ್ಲೇ ವಿರಳ. ‘ವರುಣಮಿತ್ರ’ ಸಹಾಯವಾಣಿಗೆ ಕರೆಮಾಡಿ ರೈತರು ಮಳೆಯ ಮಾಹಿತಿ ಪಡೆಯುತ್ತಾರೆ. 2019ರ ಡಿಸೆಂಬರ್‌ನಲ್ಲಿ ಆರಂಭವಾದ ಅಟಲ್ ಭೂಜಲ ಯೋಜನೆಯು ರಾಜ್ಯದ 14 ಜಿಲ್ಲೆಗಳ ಸುಮಾರು 1,200 ಪಂಚಾಯಿತಿಗಳಲ್ಲಿ ‘ನೀರಿನ ಆಯವ್ಯಯ’ ತಯಾರಿಸುವ ಪದ್ಧತಿಯನ್ನು ತಂದಿತು. ಆದರೆ ಮಾಪಕದ ಅಂಕಿಯನ್ನು ಗ್ರಾಮಸಭೆಯಲ್ಲಿ ಓದಿ ಹೇಳಿದ್ದನ್ನು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಯೋಜನೆ ಕಾಗದದಲ್ಲಿದ್ದು ಜನರ ತೀರ್ಮಾನವಾಗದೆ ಉಳಿದರೆ ಅದರಿಂದ ಪ್ರಯೋಜನವಿಲ್ಲ.

ಇದು ಹಳ್ಳಿಗಳ ಕೊರತೆ ಮಾತ್ರವಲ್ಲ. ಬೆಂಗಳೂರು ಮಹಾನಗರ ಪಾಲಿಕೆಯು 2023ರ ನವೆಂಬರ್‌ನಲ್ಲಿ ತನ್ನ ಹವಾಮಾನ ಕ್ರಿಯಾಯೋಜನೆಯನ್ನು ಪ್ರಕಟಿಸಿತು. ಕೆಲವೇ ತಿಂಗಳುಗಳಲ್ಲಿ, 2024ರ ಬೇಸಿಗೆಯಲ್ಲಿ, ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳ ಪೈಕಿ ಸುಮಾರು 6,900 ಬತ್ತಿವೆಯೆಂದು ಸರ್ಕಾರವೇ ಹೇಳಿತು. ಬಹುವರ್ಷಗಳ ನಿರ್ಲಕ್ಷ್ಯವನ್ನು ಒಂದು ವರದಿ ತಕ್ಷಣ ತೊಳೆಯಲಾರದು.

ಊರವರನ್ನು ಕೇಳದೆ ರೂಪಿಸಿದ ಪರಿಹಾರ ಏನಾಗುತ್ತದೆಂಬುದಕ್ಕೆ ನೆರೆಯ ಸೀಮೆಯಲ್ಲಿ ಬೇರೊಂದು ಪಾಠವಿದೆ. 2009ರ ಮಹಾಪೂರದ ನಂತರ ಸರ್ಕಾರ ಮತ್ತು ದಾನಿಗಳು ಸೇರಿ ‘ಆಸರೆ’ ಮನೆಗಳನ್ನು ಕಟ್ಟಿಸಿದರು. ಉದ್ದೇಶ ದೊಡ್ಡದು. ಆದರೆ ಅನೇಕ ಕಡೆ ಹೊಸ ಬಡಾವಣೆ ಹೊಲದಿಂದ ದೂರವಾಯಿತು; ದನ ಕಟ್ಟಲು, ಕಣ ಮಾಡಲು, ಮೇವು ಒಟ್ಟಲು ಜಾಗವಿಲ್ಲದಾಯಿತು. ಕುಟುಂಬಗಳು ಹಳೆಯ ಊರಿಗೇ ಮರಳಿದವು. ಹತ್ತು ವರ್ಷಗಳ ನಂತರ ನೀರು ಮತ್ತೆ ಆ ಊರುಗಳನ್ನೇ ಹೊಕ್ಕಿತು. ರೈತನ ಮನೆಗೆ ಕೊಟ್ಟಿಗೆಯೂ ಬೇಕೆಂಬ ಮಾತನ್ನು ಗ್ರಾಮಸಭೆಯಲ್ಲಿ ಕೇಳಿದ್ದರೆ ಯಾವ ಅಜ್ಜಿಯಾದರೂ ಹೇಳುತ್ತಿದ್ದಳು.

ಹಿವರೆ ಬಜಾರ್ ಮಾಡಿದ್ದೇನು

ಮಹಾರಾಷ್ಟ್ರದ ಅಹಮದ್‌ನಗರ ಜಿಲ್ಲೆಯ (ಈಗ ಅಹಿಲ್ಯಾನಗರ) ಹಿವರೆ ಬಜಾರ್ ಮಳೆನೆರಳಿನ ಹಳ್ಳಿ. ಚಿತ್ರದುರ್ಗ, ಗದಗ ಸೀಮೆಯ ನಮ್ಮ ಅನೇಕ ಊರುಗಳಿಗಿಂತ ಅಲ್ಲಿ ಮಳೆ ಕಡಿಮೆಯೇ ಹೊರತು ಹೆಚ್ಚಲ್ಲ. ಸರಪಂಚರಾಗಿದ್ದ ಪೋಪಟ್‌ರಾವ್ ಪವಾರರ ಮುಂದಾಳತ್ವದಲ್ಲಿ ಆ ಊರು ಗುಡ್ಡಕ್ಕೆ ಸಮಪಾತಳಿ ಕಂದಕ ತೋಡಿತು, ಗಿಡ ನೆಟ್ಟಿತು, ಒಡ್ಡು ಕಟ್ಟಿತು. ಇಷ್ಟನ್ನು ನಾವೂ ಮಾಡಿದ್ದೇವೆ. ಅವರು ಮಾಡಿ ನಾವು ಮಾಡದಿರುವುದು ಇದರ ಮುಂದಿನದು. ಪ್ರತಿವರ್ಷ ಮಳೆಯನ್ನೂ ಬಾವಿಗಳ ಮಟ್ಟವನ್ನೂ ಅಳೆದು, ಗ್ರಾಮಸಭೆಯಲ್ಲಿ ಕುಳಿತು, ಮೊದಲು ಜನ-ಜಾನುವಾರುಗಳ ಕುಡಿಯುವ ನೀರನ್ನು ತೆಗೆದಿರಿಸಿ, ಉಳಿದ ನೀರಿಗೆ ಯಾವ ಬೆಳೆ ಎಷ್ಟೆಂದು ತೀರ್ಮಾನಿಸಿದರು. ಕೃಷಿಗೆ ಕೊಳವೆಬಾವಿ ಕೊರೆಯುವುದನ್ನು ತಾವಾಗಿಯೇ ನಿಲ್ಲಿಸಿದರು. ಕಬ್ಬು, ಬಾಳೆಗಳನ್ನು ದೂರವಿಟ್ಟರು. 2020ರಲ್ಲಿ ಪವಾರರಿಗೆ ಪದ್ಮಶ್ರೀ ಸಂದಿತು. ಆದರೆ ಆ ಕೆಲಸದ ತಿರುಳು ಒಬ್ಬ ವ್ಯಕ್ತಿಯಲ್ಲಿಲ್ಲ, ಇಡೀ ಊರು ತನಗೆ ತಾನೇ ಹಾಕಿಕೊಂಡ ಕಟ್ಟುಪಾಡಿನಲ್ಲಿದೆ.

ಕಹಿಯಾದರೂ ಹೇಳಬೇಕಾದ ಮಾತು

ಈ ಕಟ್ಟುಪಾಡಿನ ಮಾತು ನಮ್ಮ ಭಕ್ತರಲ್ಲೇ ಅನೇಕರಿಗೆ ಕಹಿಯಾಗಬಹುದೆಂದು ಬಲ್ಲೆವು. ದಾವಣಗೆರೆ, ಚಿತ್ರದುರ್ಗ ಭಾಗದಲ್ಲಿ ಅಡಿಕೆ ತೋಟ, ಕೃಷ್ಣಾ ತೀರದಲ್ಲಿ ಕಬ್ಬು ಅವರ ಬದುಕಿನ ಆಧಾರ. 2024ರ ಬೇಸಿಗೆಯಲ್ಲಿ ಚನ್ನಗಿರಿ ಸೀಮೆಯ ರೈತರು ಟ್ಯಾಂಕರಿನಲ್ಲಿ ನೀರು ಕೊಂಡು ಅಡಿಕೆ ಮರಗಳನ್ನು ಉಳಿಸಿಕೊಂಡರು. ಒಣಗುವ ತೋಟವನ್ನು ಕಣ್ಣಾರೆ ನೋಡುವ ಸಂಕಟವನ್ನು ನಾವು ಅರಿಯದವರಲ್ಲ. ರಾಗಿ, ಜೋಳ ಬೆಳೆದವನಿಗೆ ಮರ್ಯಾದೆಯ ಬೆಲೆ ಸಿಗದಿರುವಾಗ ತೋಟ ಮಾಡಿದವನನ್ನು ದೂರುವುದು ನ್ಯಾಯವಲ್ಲ. ಸಿರಿಧಾನ್ಯಕ್ಕೆ ಖಚಿತ ಖರೀದಿ, ಹನಿ ನೀರಾವರಿಗೆ ಸಕಾಲದ ಸಹಾಯಧನ ಇವು ಸರ್ಕಾರದ ಹೊಣೆ; ಇವಿಲ್ಲದೆ ಪಂಚಾಯಿತಿಯೊಂದೇ ಸಂಯಮ ಬೋಧಿಸಿದರೆ ಫಲಿಸದು.

ಆದರೂ ಒಂದು ಸತ್ಯವನ್ನು ಮರೆಮಾಚಲಾಗದು. ಸಾಲ ಮಾಡಿಯಾದರೂ ಸಾವಿರ ಅಡಿ ಕೊರೆಸಬಲ್ಲವನು ನೀರೆತ್ತಿದಾಗ ಪಕ್ಕದ ಎರಡೆಕರೆಯವನ ಮುನ್ನೂರು ಅಡಿಯ ಬಾವಿ ಬತ್ತುತ್ತದೆ. ಪಂಚಾಯಿತಿಯ ಕುಡಿಯುವ ನೀರಿನ ಬಾವಿಯೂ ಅದೇ ನೆಲದ್ದು. ಅದನ್ನೂ ಆಳಕ್ಕಿಳಿಸಬೇಕು, ಪಂಪಿನ ವಿದ್ಯುತ್ ಬಿಲ್ಲು ಏರಬೇಕು, ಬಾಕಿ ಬೆಳೆಯಬೇಕು. ಆ ಹೊರೆ ಬಾವಿಯೇ ಇಲ್ಲದ ಕೂಲಿಕಾರನ ತಲೆಯ ಮೇಲೂ ಬೀಳುತ್ತದೆ. ಅಧಿಸೂಚಿತ ಪ್ರದೇಶಗಳಲ್ಲಿ ಕೊಳವೆಬಾವಿ ಕೊರೆಯಲು ಅನುಮತಿ ಬೇಕೆಂದು 2011ರ ಅಂತರ್ಜಲ ಕಾಯ್ದೆ ಹೇಳುತ್ತದೆ. ಆ ಕಾನೂನಿನ ಬಲ ಪಂಚಾಯಿತಿಗಿಂತ ಮೇಲಿನವರ ಕೈಯಲ್ಲಿರಬಹುದು. ಊರಿನವರು ಕೂಡಿ ಮಾಡಿಕೊಳ್ಳುವ ಒಪ್ಪಂದಕ್ಕೆ ಯಾರ ಅಧಿಸೂಚನೆಯೂ ಬೇಕಿಲ್ಲ. ಅಗತ್ಯಕ್ಕೆ ಮೀರಿದ್ದನ್ನು ಸಮಾಜಕ್ಕೆ ಬಿಡುವುದೇ ದಾಸೋಹವೆಂದು ನಂಬಿದವರು ನಾವು. ಅನ್ನದಲ್ಲಿ ಅದನ್ನು ಪಾಲಿಸಿದ್ದೇವೆ. ನೀರಿನಲ್ಲೂ ಪಾಲಿಸುವ ಕಾಲ ಬಂದಿದೆ.

ಮಠಗಳೂ ಈ ಕೆಲಸದಲ್ಲಿ ಹಿಂದೆ ಬಿದ್ದಿಲ್ಲ. 2019ರಲ್ಲಿ ಕೊಪ್ಪಳದ ಗವಿಮಠದ ಪೂಜ್ಯರು ಭಕ್ತರೊಡನೆ ಹಿರೇಹಳ್ಳಕ್ಕಿಳಿದು ಅದನ್ನು ಸ್ವಚ್ಛಗೊಳಿಸಿದರು. ಸಿರಿಗೆರೆಯ ಪೂಜ್ಯರ ಪ್ರಯತ್ನದಿಂದ ಜಗಳೂರು, ಭರಮಸಾಗರ ಭಾಗದ ಕೆರೆಗಳಿಗೆ ತುಂಗಭದ್ರೆಯ ನೀರು ಹರಿಯಿತು. ಇವು ನಾಡು ಸ್ಮರಿಸುವ ಕಾರ್ಯಗಳು. ಆದರೆ ಗುರುಗಳು ಹಳ್ಳ ತೆರೆಯಿಸಬಲ್ಲರು, ಕೆರೆ ತುಂಬಿಸಬಲ್ಲರು; ಹಳ್ಳಕ್ಕೆ ಕಸ ಸುರಿಯದಂತೆ, ಕೆರೆಯಂಗಳ ಒತ್ತುವರಿಯಾಗದಂತೆ ದಿನವೂ ಕಾಯಬೇಕಾದದ್ದು ಊರು. ಹಿಂದೆ ತೂಬು ಎತ್ತಲು, ಇಳಿಸಲು, ಸರದಿಯಂತೆ ನೀರು ಬಿಡಲು ನೀರುಗಂಟಿಯಿದ್ದ. ಇಂದು ಆ ಕೆಲಸ ಪಂಚಾಯಿತಿಗೆ ಸೇರಿದ್ದು.

ಮುಂದಿನ ಗ್ರಾಮಸಭೆಗೆ

ಆದ್ದರಿಂದ ಭಕ್ತರಲ್ಲಿ ನಮ್ಮ ವಿನಂತಿ ಸರಳವಾದದ್ದು. ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿರಿ. ಮನೆಯ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗಿರಿ, ಏಕೆಂದರೆ ನೀರಿನ ಕೊರತೆಯನ್ನು ಮೊದಲು ಅರಿಯುವವರು ಅವರು. ಕಳೆದ ವರ್ಷ ನಮ್ಮ ಪಂಚಾಯಿತಿಯ ಮಾಪಕದಲ್ಲಿ ದಾಖಲಾದ ಮಳೆಯನ್ನು ಓದಿರೆಂದು ಪಿಡಿಒ ಅವರನ್ನು ಕೇಳಿರಿ. ಊರಿನಲ್ಲಿ ಎಷ್ಟು ಕೊಳವೆಬಾವಿಗಳಿವೆ, ಎಷ್ಟು ಬತ್ತಿವೆ ಎಂಬುದನ್ನು ಎಣಿಸಿ ಬರೆಯಿಸಿರಿ. ಕೆರೆಗೆ ನೀರು ತರುವ ಕಾಲುವೆಗಳು ಎಲ್ಲಿ ಮುಚ್ಚಿವೆ, ಕೋಡಿ ಹರಿಯುವ ದಾರಿಯಲ್ಲಿ ಯಾರ ಮನೆಗಳಿವೆ, ನೆರೆ ಬಂದರೆ ಆ ಕುಟುಂಬಗಳೂ ಅವರ ದನಕರುಗಳೂ ಯಾವ ಎತ್ತರದ ಜಾಗಕ್ಕೆ ಹೋಗಬೇಕು ಎಂಬುದನ್ನು ಮಳೆಗಾಲಕ್ಕೆ ಮೊದಲೇ ನಿಶ್ಚಯಿಸಿರಿ.

ಬಿಸಿಲನ್ನೂ ಮರೆಯಬೇಡಿ. ಕಲಬುರಗಿ ವಿಭಾಗದಲ್ಲಿ ಬೇಸಿಗೆಯ ಎರಡು ತಿಂಗಳು ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ಪದ್ಧತಿಯಿದೆ. ಕಚೇರಿಯ ನೆರಳಿನಲ್ಲಿರುವವರಿಗೆ ಬೇಕಾದ ಈ ವಿನಾಯಿತಿ ಹೊಲದಲ್ಲಿ ಬಾಗಿ ದುಡಿಯುವ ಕಾಯಕಜೀವಿಗೂ ಬೇಡವೇ? ಕೂಲಿಯ ವೇಳೆಯನ್ನು ಮುಂಜಾನೆಗೆ ಹೊಂದಿಸುವುದು, ಕೆಲಸದ ಜಾಗದಲ್ಲಿ ನೆರಳು ಮತ್ತು ನೀರು ಒದಗಿಸುವುದು ಪಂಚಾಯಿತಿಯಿಂದಲೂ, ಜಮೀನಿನ ಒಡೆಯರಿಂದಲೂ ಆಗುವ ಕೆಲಸಗಳು.

ಹನ್ನೆರಡನೆಯ ಶತಮಾನದಲ್ಲಿ ಸಮಗಾರರೂ ಅಂಬಿಗರೂ ಅರಸುಮನೆಯವರೂ ಒಂದೇ ನೆಲದ ಮೇಲೆ ಕುಳಿತು ವಿಚಾರ ಮಾಡಿದ ಪರಂಪರೆ ನಮ್ಮದು. ಗ್ರಾಮಸಭೆಯನ್ನು ಖಾಲಿ ಕುರ್ಚಿಗಳಿಗೂ ಸಹಿ ಪುಸ್ತಕಕ್ಕೂ ಬಿಟ್ಟುಕೊಟ್ಟು ಅನುಭವ ಮಂಟಪದ ಹೆಸರು ಹೇಳುವುದು ನಮಗೆ ಶೋಭಿಸದು. ಬರುವ ಮಳೆಯನ್ನು ನಾವು ನಿರ್ಧರಿಸಲಾರೆವು. ಬಂದ ಮಳೆಯನ್ನು ಹೇಗೆ ಹಿಡಿದು ಯಾರ ಯಾರಿಗೆ ಹಂಚಬೇಕೆಂಬುದನ್ನು ಮಾತ್ರ ನಾವೇ ನಿರ್ಧರಿಸಬೇಕು. ನಿಮ್ಮ ಊರಿನ ಸಭೆ ಕೈಗೊಂಡ ತೀರ್ಮಾನವನ್ನು ಮಠಕ್ಕೂ ತಿಳಿಸಿರಿ. ಕೆರೆಯ ಕೆಲಸಕ್ಕೆ ಕೈಗಳು ಬೇಕಾದಾಗ ಮಠದ ವಿದ್ಯಾರ್ಥಿಗಳೂ ಸೇವಾಕರ್ತರೂ ನಿಮ್ಮೊಡನೆ ಇರುತ್ತಾರೆ.